ದಡದಲ್ಲಿ ನಿಲ್ಲಬಲ್ಲ ದೋಣಿ

ಭಾಂಡುಪ್ (ಪಶ್ಚಿಮ), ಮುಂಬಯಿ
ಜುಲೈ ತಿಂಗಳ ಕೊನೆಯ ಭಾನುವಾರ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಅತ್ತೆಯ ಮಂಡಿನೋವು ಮಳೆ ಬಿಡುವವರೆಗೂ ಇರುವಂಥದ್ದು, ನಿನ್ನ ಅಮ್ಮನಿಗೆ, ಅಂದರೆ ನನ್ನ ಅಕ್ಕನಿಗೆ, ಹೇಳಿ ಹೆದರಿಸಬೇಡ. ನೀನು ಕಳಿಸಿದ ಮೂರು ದೋಣಿಗಳ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ವಾಟ್ಸಾಪಿನಲ್ಲಿ ಬಿಟ್ಟ ಮಾತನ್ನೂ ಕೇಳಿದೆ. ಮಳೆಗಾಲದ ನಿಷೇಧ ಮುಗಿದು ಆಗಸ್ಟ್ ಒಂದಕ್ಕೆ ಎಲ್ಲರೂ ಕಡಲಿಗೆ ಇಳಿಯುತ್ತಾರೆ, ಅಷ್ಟರೊಳಗೆ ಹೂಂ ಅಥವಾ ಊಹೂಂ ಹೇಳಿ ಎಂದಿದ್ದೀಯ. ಇಂಥ ವಿಷಯಕ್ಕೆ ಫೋನಿನಲ್ಲಿ ಹೂಂ ಅಂದುಬಿಟ್ಟರೆ ಆಮೇಲೆ ಇಬ್ಬರಿಗೂ ನೆನಪಿರುವುದು ಬೇರೆ ಬೇರೆ. ಅದಕ್ಕೇ ಕಾಗದ ಹಿಡಿದೆ.

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಕೊಡುತ್ತೇನೆ. ಅಳಿಯಕಟ್ಟಿನ ಲೆಕ್ಕದಲ್ಲಿ ಮಾವನದ್ದು ಅಳಿಯನಿಗೇ ಬರಬೇಕಾದದ್ದು. ಕಾನೂನು ಯಾವತ್ತೋ ಬದಲಾಯಿತು, ನನ್ನ ತಲೆ ಬದಲಾಗಿಲ್ಲ. ಆದರೆ ಯಾವ ದೋಣಿಗೆ ಎನ್ನುವುದನ್ನು ನಾವಿಬ್ಬರೂ ಕೂತು ತೀರ್ಮಾನಿಸಬೇಕು. ಸಾಗರ ಪೇಟೆಯ ಕಡೆಯಿಂದ ಅಗ್ಗಕ್ಕೆ ಸಿಗುವ, ಲಿಂಗನಮಕ್ಕಿ ಹಿನ್ನೀರಿನ ಆ ಫೈಬರ್ ದೋಣಿ. ಮಲ್ಪೆಯ ಹಳೇ ಟ್ರಾಲ್ ಬೋಟಿನಲ್ಲಿ ನಾಲ್ಕನೇ ಒಂದು ಪಾಲು. ಇಲ್ಲವೇ ಗಂಗೊಳ್ಳಿಯಲ್ಲೇ ನಿನ್ನ ಇಬ್ಬರು ಗೆಳೆಯರ ಜೊತೆ ಕಂತಬಲೆಯ ನಾಡದೋಣಿ. ನಿನ್ನ ಮನಸ್ಸು ಎರಡನೆಯದರ ಮೇಲಿದೆ ಎಂದು ನಿನ್ನ ಧ್ವನಿಯಲ್ಲೇ ಗೊತ್ತಾಯಿತು. ಆಳಸಮುದ್ರ ಎಂದರೆ ನಿನ್ನ ವಯಸ್ಸಿನವರಿಗೆ ಮೈ ಜುಂ ಅನ್ನುತ್ತದೆ.

ಮಾವ ಕಾರ್ಖಾನೆಯಲ್ಲಿ ಲೇತ್ ತಿರುಗಿಸಿ ನಿವೃತ್ತರಾದವರು, ಅವರಿಗೆ ನೀರಿನ ಸುದ್ದಿ ಎಂತ ಗೊತ್ತು ಎಂದು ನಿನ್ನ ಗೆಳೆಯರು ನಗಬಹುದು. ನಗಲಿ. ಈ ಊರಿಗೆ ಬಂದ ಮಾತ್ರಕ್ಕೆ ನಮ್ಮವರು ನೀರು ಬಿಟ್ಟವರಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು 1902ರಲ್ಲೇ ಮುಂಬಯಿಯಲ್ಲಿ ಕಟ್ಟಿದವರು ಊರಿನ ಕಡಲನ್ನು ಮರೆಯಲಿಕ್ಕೆ ಕಟ್ಟಿದ್ದಲ್ಲ. ಮತ್ತೆ ಈ ಭಾಂಡುಪ್ ಇರುವುದೇ ಎರಡು ನೀರಿನ ನಡುವೆ. ಪಶ್ಚಿಮದ ಗುಡ್ಡ ಹತ್ತಿದರೆ ಆಚೆಗೆ ವಿಹಾರ್ ಕೆರೆ, 1860ರಲ್ಲಿ ಕಟ್ಟಿ ಮುಗಿಸಿದ್ದು, ಈಗಲೂ ಕುಡಿಯುವ ನೀರು. ಅದರ ಕೆಳಗೆ ಪವಯಿ, ಅದರ ನೀರು ಕುಡಿಯಲಿಕ್ಕಾಗದು. ಪೂರ್ವಕ್ಕೆ ರೈಲುಹಳಿ, ಹೆದ್ದಾರಿ ದಾಟಿದರೆ ಪಂಪಿಂಗ್ ಸ್ಟೇಷನ್, ಉಪ್ಪಿನ ಆಗರಗಳು, ಆಮೇಲೆ ಠಾಣೆ ಖಾಡಿ. ಚಳಿಗಾಲದಲ್ಲಿ ಫ್ಲೆಮಿಂಗೋ ನೋಡಲಿಕ್ಕೆ ಈಗ ಜನ ದೋಣಿ ಹತ್ತುವುದು ಅಲ್ಲಿಯೇ. ಆ ಖಾಡಿ 2022ರಲ್ಲಿ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿತು. ನನ್ನ ಪಕ್ಕದ ಮೆಷಿನ್ನಿನಲ್ಲಿದ್ದ, ಇಲ್ಲಿಯ ಮೀನುಗಾರರಾದ ಕೋಳಿ ಜನದ ಗೆಳೆಯನ ಜೊತೆ ರಜೆಯ ದಿನಗಳಲ್ಲಿ ಆ ಖಾಡಿಗೆ ಇಳಿಯುತ್ತಿದ್ದೆ. ಅವನ ತಂದೆಯ ಕಾಲದಲ್ಲಿ ಅಲ್ಲಿ ಬಲೆ ಹಾಕಿ ಸಂಸಾರ ನಡೆಸಿದವರಿದ್ದರು. ಅವನ ಕಾಲಕ್ಕೆ ಕೆಸರಿನ ನಿವಟಿ ಮೀನು, ಚಿಂಬೋರಿ ಏಡಿ ಉಳಿದಿತ್ತು. ಅವನ ಮಗ ರಿಕ್ಷಾ ಓಡಿಸುತ್ತಾನೆ. ಹಕ್ಕಿಗಳಿಗೆ ಆಗುತ್ತಿರುವುದು ಮೀನಿಗೂ ಮೀನುಗಾರರಿಗೂ ಯಾಕೆ ಆಗಲಿಲ್ಲ ಎಂದು ಅವನು ಕೇಳುವ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಇರಲಿ, ಮೊದಲನೇ ದೋಣಿಗೆ ಬರುತ್ತೇನೆ.

ಹಿನ್ನೀರಿನ ದೋಣಿ ಬೇಡ. ಕೆರೆಯ ನೀರು ಸಾಧು, ಅಲ್ಲಿ ಓಡಿದ ದೋಣಿ ಅಷ್ಟೇನೂ ಸವೆದಿರುವುದಿಲ್ಲ ಎಂದು ಮಾರುವವನು ಹೇಳಿದ್ದಾನೆ ಎಂದೆಯಲ್ಲ, ಆ ಮಾತೇ ಸರಿಯಿಲ್ಲ. ಪವಯಿಯಲ್ಲಿ 1955ರಿಂದ ಗಾಳ ಹಾಕುವವರ ಸಂಘವೊಂದಿದೆ. ಅಲ್ಲಿ ಮೇ ಕೊನೆಯಲ್ಲಿ, ಮೊದಲ ಮಳೆಯ ಮುಂಚಿನ ಗಾಳಿ ಎದ್ದಾಗ ದಡದಲ್ಲಿ ನಿಂತು ನೋಡಿದ್ದೇನೆ. ಅಷ್ಟು ಸಣ್ಣ ಕೆರೆಯಲ್ಲೂ ಚಪ್ಪಟೆ ತಳದ ದೋಣಿಯೊಳಗೆ ನೀರು ಹಾರುತ್ತದೆ. ಅಂದಮೇಲೆ ಲಿಂಗನಮಕ್ಕಿಯ ಹಿನ್ನೀರು ಏನು ಮಾಡೀತು ನೋಡು. 1964ರಲ್ಲಿ ಅಣೆಕಟ್ಟು ಆದಮೇಲೆ ಶರಾವತಿ ಮೈಲಿಗಟ್ಟಲೆ ಹರಡಿ ನಿಂತಿದೆ. ಗಾಳಿಗೆ ಓಡಲಿಕ್ಕೆ ಬೇಕಾದಷ್ಟು ಬಯಲಿದೆ, ಆದರೆ ಕಡಲಿನಷ್ಟಿಲ್ಲ. ತೆರೆ ಬೆಳೆಯುವುದು ಮೂರರಿಂದ: ಗಾಳಿಯ ಜೋರು, ಅದು ಬೀಸಿದ ಹೊತ್ತು, ಅದಕ್ಕೆ ಸಿಕ್ಕಿದ ತೆರೆದ ನೀರಿನ ಉದ್ದ. ಕಡಲಿನಲ್ಲಿ ಮೂರೂ ಧಾರಾಳ, ಹಾಗಾಗಿ ತೆರೆ ಎತ್ತರವಿದ್ದರೂ ಉದ್ದವಾಗಿ, ನಿಧಾನವಾಗಿ ಬರುತ್ತದೆ; ದೋಣಿ ಅದರ ಮೇಲೆ ಏರಿ ಇಳಿಯಲಿಕ್ಕೆ ಪುರುಸೊತ್ತು ಕೊಡುತ್ತದೆ. ಹಿನ್ನೀರಿನಲ್ಲಿ ಅದೇ ಗಾಳಿಗೆ ತೆರೆ ಗಿಡ್ಡ, ಕಡಿದು, ಒಂದರ ಹಿಂದೆ ಒಂದು ಒತ್ತೊತ್ತಾಗಿ ಬರುತ್ತದೆ. ಐದಾರು ಮೀಟರಿನ ದೋಣಿಯ ಮೂತಿ ಒಂದು ತೆರೆಯಿಂದ ಏಳುವ ಮೊದಲೇ ಇನ್ನೊಂದು ಬಂದು ಮೇಲೆ ಕೂರುತ್ತದೆ.

ನಿನ್ನ ಫೋಟೋದಲ್ಲಿರುವ ದೋಣಿಯ ತಳ ಚಪ್ಪಟೆ, ಮೂತಿ ತಗ್ಗು, ಅಂಚು ನೀರಿನಿಂದ ಒಂದು ಗೇಣು ಮೇಲಿದೆಯೋ ಇಲ್ಲವೋ. ಅದು ಮುಳುಗಡೆಯ ಕವಲುಗಳ ಒಳಗೆ ಮರದ ಬೊಡ್ಡೆಗಳ ನಡುವೆ ಬಲೆ ಕಟ್ಟಿ ಬರಲಿಕ್ಕೆ ಮಾಡಿದ್ದು. ನಿಂತ ನೀರಿನಲ್ಲಿ ಅದರಷ್ಟು ಗಟ್ಟಿಯಾಗಿ ನಿಲ್ಲುವ ದೋಣಿ ಇನ್ನೊಂದಿಲ್ಲ. ಒಬ್ಬಿಬ್ಬರು ಒಂದೇ ಬದಿಗೆ ಬಂದರೂ ಹೆಚ್ಚು ವಾಲುವುದಿಲ್ಲ. ಆದರೆ ಚಪ್ಪಟೆ ತಳ ನೀರಿನ ಮೇಲ್ಮೈ ಹೇಗಿದೆಯೋ ಹಾಗೆ ತಾನೂ ವಾಲುತ್ತದೆ. ನೀರು ಮಟ್ಟಸವಾಗಿದ್ದರೆ ದೋಣಿಯೂ ಮಟ್ಟಸ, ತೆರೆ ಓರೆಯಾದರೆ ದೋಣಿಯೂ ಓರೆ. ಇಳಿಜಾರಿನಲ್ಲಿ ಬಲೆಯೂ ಮೀನೂ ಕೆಳಬದಿಗೆ ಜಾರಿದರೆ ಮತ್ತೆ ಅದು ನೆಟ್ಟಗಾಗುವುದಿಲ್ಲ. ದೊಡ್ಡ ಗಾಳಿಯ ದಿನ ಅದು ಆ ಹಿನ್ನೀರಿನ ನಡುವಿಗೇ ತಕ್ಕದ್ದಲ್ಲ, ನೀನು ಅದನ್ನು ಗಂಗೊಳ್ಳಿಯ ಅಳಿವೆ ದಾಟಿಸುತ್ತೇನೆ ಎನ್ನುತ್ತೀಯಲ್ಲ ಮಾರಾಯ!

ಅಳಿವೆಯ ವಿಷಯ ನಿನಗೆ ನಾನು ಹೇಳಬೇಕಾಗಿಲ್ಲ. ಐದು ಹೊಳೆಯ ನೀರು ಒಂದೇ ಬಾಯಿಂದ ಹೊರಗೆ ನುಗ್ಗುವಾಗ, ಇಳಿತದ ಹೊತ್ತಿನಲ್ಲಿ, ಎದುರಿನಿಂದ ಬರುವ ಉದ್ದ ತೆರೆ ಅಲ್ಲಿ ಹೇಗೆ ಕುಗ್ಗಿ, ಎದ್ದು, ಒಡೆಯುತ್ತದೆ ಎಂದು ಚಿಕ್ಕಂದಿನಿಂದ ನೋಡಿದ್ದೀಯ. ಹೊರಗಿನ ಕಡಲು ಶಾಂತವಿದ್ದ ದಿನವೂ ಅಲ್ಲಿ ದೋಣಿ ಮಗುಚಿದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯವರು 2020ರಿಂದ ಸಣ್ಣ ದೋಣಿಗಳಿಗೆಂದೇ ಎಚ್ಚರಿಕೆ ಕೊಡುತ್ತಾರೆ, 7 ಮೀಟರ್ ಅಗಲದವರೆಗಿನ ದೋಣಿಗಳಿಗೆ. ಅದರಲ್ಲಿ ನನಗೆ ಮೆಚ್ಚಿಗೆಯಾದ ಸಂಗತಿಯೆಂದರೆ ತೆರೆಯ ಎತ್ತರ ಒಂದನ್ನೇ ಅವರು ನೋಡುವುದಿಲ್ಲ. ತೆರೆ ಎಷ್ಟು ಕಡಿದು, ಎಷ್ಟು ದಿಕ್ಕಿನಿಂದ ಬರುತ್ತಿದೆ, ಗಾಳಿ ಎಷ್ಟು ಬೇಗ ಏರುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಜ್ಜಯ್ಯ ದಡದಲ್ಲಿ ಕಣ್ಣಿನ ಮೇಲೆ ಕೈ ಇಟ್ಟು ನಿಂತು ನೋಡುತ್ತಿದ್ದದ್ದೂ ಇದನ್ನೇ. ಫೋನಿನಲ್ಲಿ ಅದನ್ನು ನೋಡುವ ಅಭ್ಯಾಸ ಮಾಡಿಕೋ, ದಡದಲ್ಲಿ ನಿಂತು ನೋಡುವುದನ್ನು ಬಿಡಬೇಡ.

ಹಿನ್ನೀರಿನ ಬಗ್ಗೆಯೇ ಇನ್ನೊಂದು ಮಾತು. ಹೊಸಪೇಟೆಯ ಕಡೆ ತುಂಗಭದ್ರೆಯ ಹಿನ್ನೀರಿನಲ್ಲಿ ಹರಿಗೋಲಿನಲ್ಲೇ ಬಲೆ ಬಿಡುತ್ತಾರೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಅಷ್ಟು ದೊಡ್ಡ ನೀರಿಗೆ ಅದು ದೋಣಿಯೇ ಅಲ್ಲ, ಗಾಳಿ ತಳ್ಳಿದ ಕಡೆಗೆ ತಿರುಗುತ್ತಾ ಹೋಗುತ್ತದೆ. ಆದರೂ ತಲೆಮಾರುಗಳಿಂದ ಅದರಲ್ಲೇ ಬದುಕಿದ್ದಾರೆ. ಹೇಗೆಂದರೆ, ಬಲ್ಲವರು ಗಾಳಿಯ ದಿನ ಇಳಿಯುವುದಿಲ್ಲ. ಬಿದಿರು, ತೊಗಲು ಅಥವಾ ಪ್ಲಾಸ್ಟಿಕ್ಕಿನ ಹರಿಗೋಲಿಗೆ ಸಾಲ ಎಂಬುದಿಲ್ಲ, ದಡದಲ್ಲಿ ಬೋರಲು ಹಾಕಿ ಮನೆಗೆ ಹೋದರೆ ಆ ದಿನದ ಕೂಲಿ ಮಾತ್ರ ಹೋಯಿತು. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡು ಎರಡನೇ ದೋಣಿಗೆ ಬಾ.

ಮಲ್ಪೆಯ ಬೋಟಿನ ಫೋಟೋವನ್ನು ನಾನು ಎಲ್ಲದಕ್ಕಿಂತ ಹೆಚ್ಚು ಹೊತ್ತು ನೋಡಿದೆ. ಹೊಸ ಬಣ್ಣ ಚೆನ್ನಾಗಿದೆ. ಹಳೇ ಮರದ ಬೋಟಿಗೆ ಹೊಸ ಬಣ್ಣ ಹೊಡೆದಿದ್ದಾರೆ ಎಂದರೆ ಕೆಳಗೆ ಏನಿದೆ ಎಂದು ಚೂರಿ ಚುಚ್ಚಿ ನೋಡಬೇಕು, ಅದರಲ್ಲೂ ತಳದ ಪಟ್ಟಿ ಮತ್ತು ಹಿಂಬದಿಯ ಹಲಗೆಗಳನ್ನು. ಚೂರಿ ಸುಲಭಕ್ಕೆ ಇಳಿದರೆ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಕಂಡದ್ದು, ಮೊದಲಿದ್ದ ಬೋಟಿನ ಮೇಲೆ ಆಮೇಲೆ ಏನೇನೋ ಏರಿಸಿದ್ದಾರೆ. ಹಿಂದೆ ಎತ್ತರದ ಕಬ್ಬಿಣದ ಕಮಾನು, ದೊಡ್ಡ ವಿಂಚು, ಕ್ಯಾಬಿನ್ನಿನ ಮೇಲೆ ಇನ್ನೊಂದು ಕ್ಯಾಬಿನ್ನು, ಡೆಕ್ಕಿನ ಮೇಲೆ ಡೀಸೆಲ್ ಬ್ಯಾರಲ್ಲುಗಳ ಸಾಲು. ಇದೆಲ್ಲ ಬೋಟು ಕಟ್ಟಿದ ಮೇಸ್ತ್ರಿಯ ಲೆಕ್ಕದಲ್ಲಿ ಇದ್ದದ್ದಲ್ಲ. ಭಾರ ಮೇಲೆ ಹೋದಷ್ಟೂ ಬೋಟು ವಾಲಿದ ಮೇಲೆ ಎದ್ದು ನಿಲ್ಲುವ ಶಕ್ತಿ ಕಮ್ಮಿಯಾಗುತ್ತದೆ. ಡೆಕ್ಕಿನ ನೀರು ಹೊರಗೆ ಹೋಗುವ ಕಿಂಡಿಗಳಿಗೆ ಮೀನು ಜಾರದಂತೆ ಹಲಗೆ ಹೊಡೆದಿರುವುದೂ ಕಾಣುತ್ತದೆ. ತೆರೆ ಡೆಕ್ಕಿಗೆ ನುಗ್ಗಿದರೆ ಆ ನೀರು ಹೋಗುವುದು ಎಲ್ಲಿಗೆ?

ಇದನ್ನು ನೋಡಲಿಕ್ಕೆ ಇಂಜಿನಿಯರ್ ಬೇಕಾಗಿಲ್ಲ, ಒಂದು ಸುಲಭದ ಪರೀಕ್ಷೆಯಿದೆ. ಮೀನುಗಾರಿಕೆ ದೋಣಿಗಳ ಸುರಕ್ಷತೆಯ ಅಂತರರಾಷ್ಟ್ರೀಯ ಕೈಪಿಡಿಗಳಲ್ಲೂ ಅದು ಇದೆ. ಬಂದರಿನ ಒಳಗೆ ನೀರು ನಿಂತಿರುವ ಹೊತ್ತಿನಲ್ಲಿ, ಉಬ್ಬರ ಇರುವಾಗ, ಯಾಕೆಂದರೆ ತಳ ಕೆಸರಿಗೆ ತಾಗಿರಬಾರದು, ಹಗ್ಗಗಳನ್ನೆಲ್ಲ ಸಡಿಲಿಸು. ಮೂರು ನಾಲ್ಕು ಜನ ಒಂದು ಬದಿಯಿಂದ ಒತ್ತಿ ಬಿಟ್ಟು ಬೋಟನ್ನು ಓಲಾಡಿಸಿ. ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಮತ್ತೆ ಎಡಕ್ಕೆ ಬರಲಿಕ್ಕೆ ಎಷ್ಟು ಸೆಕೆಂಡು ಎಂದು ನೋಡು. ನಾಲ್ಕೈದು ಓಲಾಟದ ಸರಾಸರಿ ತೆಗಿ. ಸೆಕೆಂಡಿನ ಲೆಕ್ಕ ಬೋಟಿನ ಅಗಲದ ಮೀಟರ್ ಲೆಕ್ಕಕ್ಕಿಂತ ಕಮ್ಮಿ ಇದ್ದರೆ ಬಹುಮಟ್ಟಿಗೆ ಪರವಾಗಿಲ್ಲ. ಅಗಲ 6 ಮೀಟರ್ ಇದ್ದು ಓಲಾಟಕ್ಕೆ ಎಂಟು ಸೆಕೆಂಡು ಹಿಡಿಯಿತೋ, ಅಂಥ ಬೋಟು ತೊಟ್ಟಿಲ ಹಾಗೆ ಹಾಯಾಗಿ ತೂಗುತ್ತದೆ, ಮಲಗಿದವರಿಗೆ ನಿದ್ದೆಯೂ ಚೆನ್ನಾಗಿ ಬರುತ್ತದೆ, ಒಂದು ದಿನ ವಾಲಿದ್ದು ಮತ್ತೆ ಏಳುವುದಿಲ್ಲ. ಗಡಗಡ ಎಂದು ಬೇಗ ಬೇಗ ಓಲಾಡುವ ಬೋಟನ್ನು ಹುಡುಗರು ಬೈಯುತ್ತಾರೆ, ಆದರೆ ನಂಬಲಿಕ್ಕೆ ಅದೇ ಒಳ್ಳೆಯದು. ಇದು ಅಂದಾಜಿನ ಪರೀಕ್ಷೆ, ಇಷ್ಟರಲ್ಲೇ ಎಲ್ಲ ತೀರ್ಮಾನ ಮಾಡಬಾರದು. ಆದರೆ ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಬೋಟು ಪರೀಕ್ಷೆಯಲ್ಲಿ ಗೆದ್ದಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ನನ್ನದು ಊಹೂಂ. ಯಾಕೆಂದು ಹೇಳುತ್ತೇನೆ.

ಅಂಥ ಬೋಟು ಒಂದು ಸಲ ಹೊರಟರೆ ಹತ್ತು ಹನ್ನೆರಡು ದಿನ. ಸಾವಿರಗಟ್ಟಲೆ ಲೀಟರ್ ಡೀಸೆಲ್, ಟನ್ನುಗಟ್ಟಲೆ ಐಸು, ರೇಶನ್ನು, ಕಲಾಸಿಗಳಿಗೆ ಮುಂಗಡ. ಇದೆಲ್ಲ ಬಲೆ ನೀರಿಗೆ ಬೀಳುವ ಮೊದಲೇ ಆದ ಖರ್ಚು. ಅದರ ಮೇಲೆ ನಾಲ್ಕು ಪಾಲುದಾರರ ಬ್ಯಾಂಕು, ಸೊಸೈಟಿ, ಕೈಸಾಲ. ಹವಾಮಾನ ಇಲಾಖೆ ಕಡಲಿಗೆ ಇಳಿಯಬೇಡಿ ಎಂದ ದಿನ ಆ ಬೋಟಿನ ಹೊಟ್ಟೆಯಲ್ಲಿ ಐಸು ಕರಗುತ್ತಿರುತ್ತದೆ. ಬೋಟು ನಡೆಸುವ ತಾಂಡೇಲ ಎಷ್ಟೇ ಅನುಭವಿಯಾಗಿರಲಿ, ಅವನ ಕಿವಿಗೆ ಎರಡು ಮಾತು ಬೀಳುತ್ತವೆ, ಒಂದು ರೇಡಿಯೋದ್ದು, ಇನ್ನೊಂದು ದಡದಿಂದ ಫೋನ್ ಮಾಡುವ ಪಾಲುದಾರರದ್ದು. ಒಳಗೆ ಬರಬೇಕಾದ ಹೊತ್ತಿನಲ್ಲಿ ಇನ್ನೊಂದು ಎಳೆತ ಎಳೆದು ಬರೋಣ ಎನ್ನಿಸುವುದು ತಾಂಡೇಲನ ದುರಾಸೆಯಲ್ಲ. ಬಡ್ಡಿ ಹಾಗೆ ಮಾಡಿಸುತ್ತದೆ. ನಾಳೆ ನೀನೇ ಆ ಫೋನ್ ಮಾಡುವವನಾಗುತ್ತೀಯ ಎಂಬುದು ನನ್ನ ಹೆದರಿಕೆ. ನಿನ್ನ ಸ್ವಭಾವ ನನಗೆ ಗೊತ್ತು, ಆದರೆ ಕಂತಿನ ದಿನ ಹತ್ತಿರ ಬಂದಾಗ ಯಾರ ಸ್ವಭಾವವೂ ಒಂದೇ ರೀತಿ ಇರುವುದಿಲ್ಲ.

ಅದೇ ಸಾಲ ಬಲೆಯ ಕಣ್ಣನ್ನೂ ಕಿರಿದು ಮಾಡುತ್ತದೆ. ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಲ್ಲಿ ಮೊನ್ನೆ ಕೋಳಿ ಹೆಂಗಸೊಬ್ಬಳು ಸಣ್ಣ ಮಾಂಜಿಗಳನ್ನು (ಇಲ್ಲಿಯವರ ಪಾಪ್ಲೆಟ್) ವಾಟಾ ಹಾಕಿ ಕೂತಿದ್ದಳು, ಇಷ್ಟಕ್ಕೆ ಒಂದು ರಾಶಿ ಎಂದು. ನನ್ನ ಅಂಗೈಗಿಂತ ಸಣ್ಣವು, ಬೆರಳುಗಳನ್ನು ಬಿಟ್ಟು ಅಂಗೈ ಮಾತ್ರ. ಬೆಳ್ಳಿಯ ಹೊಳಪು ಹಾಗೇ ಇತ್ತು, ರೆಕ್ಕೆಗಳು ಇನ್ನೂ ಪೂರ್ತಿ ಬಲಿತಿರಲಿಲ್ಲ, ಒತ್ತಿದರೆ ಒಳಗೆ ಮೊಟ್ಟೆಯ ಸುಳಿವಿಲ್ಲ. ಈ ಮೀನನ್ನು 2023ರಲ್ಲಿ ಮಹಾರಾಷ್ಟ್ರ ರಾಜ್ಯದ ಮೀನು ಎಂದು ಘೋಷಿಸಿತು. ಅದೇ ವರ್ಷ 54 ಜಾತಿಯ ಮೀನುಗಳಿಗೆ ಇದಕ್ಕಿಂತ ಚಿಕ್ಕದನ್ನು ಹಿಡಿಯಬಾರದು ಎಂದು ಅಳತೆಯನ್ನೂ ಗೊತ್ತುಮಾಡಿತು. ಮಾಂಜಿಗೆ 135 ಮಿಲಿಮೀಟರ್. ವಾಟಾದಲ್ಲಿ ಅಷ್ಟು ಉದ್ದದ್ದು ಒಂದೂ ಇರಲಿಲ್ಲ. ಅವಳನ್ನು ಬೈಯಲಿಕ್ಕೆ ನನಗೆ ಬಾಯಿ ಬರಲಿಲ್ಲ. ದೊಡ್ಡ ಮಾಂಜಿ ಕೊಳ್ಳುವವರು ಈ ಮಾರ್ಕೆಟ್ಟಿಗೆ ಬರುವುದಿಲ್ಲ, ಬಂದರೂ ದೊಡ್ಡ ಮಾಂಜಿ ಇಲ್ಲಿಗೆ ಬರುವುದಿಲ್ಲ.

ನಮ್ಮ ಕಡೆಯೂ ಇದೇ ಕತೆ, ಸಣ್ಣದು ವಾಟಾಕ್ಕೂ ಬರದೆ ನೇರ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಬಂಗುಡೆ 14 ಸೆಂಟಿಮೀಟರ್, ಬೈಗೆ ಮೀನು 10 ಸೆಂಟಿಮೀಟರ್ ಆಗುವವರೆಗೆ ಹಿಡಿಯಬಾರದು ಎಂದು ಕೊಚ್ಚಿಯ ಸಿ.ಎಂ.ಎಫ್.ಆರ್.ಐ. ವಿಜ್ಞಾನಿಗಳು ಹೇಳಿ, ಕೇರಳ 2015ರಲ್ಲಿ ಅದನ್ನು ಕಾನೂನು ಮಾಡಿತು. ಅಷ್ಟು ಹೊತ್ತಿಗೆ ತಡವಾಗಿತ್ತು. 2012ರಲ್ಲಿ ಕೇರಳದಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಬೈಗೆ ಬಿದ್ದಿತ್ತು, 2021ರಲ್ಲಿ 3,297 ಟನ್. ನೀರು ಬಿಸಿಯಾದದ್ದು, ಮಳೆಯ ಲಯ ತಪ್ಪಿದ್ದು ಕೂಡ ಕಾರಣ, ಎಲ್ಲವನ್ನೂ ಬಲೆಯ ಮೇಲೆ ಹಾಕುವುದು ನ್ಯಾಯವಲ್ಲ. ಆದರೆ ನೀರಿನ ಬಿಸಿ ನಮ್ಮ ಕೈಲಿಲ್ಲ, ಬಲೆಯ ಕಣ್ಣು ನಮ್ಮ ಕೈಲಿದೆ. ಟ್ರಾಲ್ ಬಲೆಯ ಬಾಲದ ಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಇರಲಿ ಎನ್ನುವುದು ಸುಮ್ಮನೆ ಅಲ್ಲ. ಮಾಮೂಲಿ ಬಲೆಯ ಓರೆ ಕಣ್ಣು ಎಳೆತಕ್ಕೆ ಸಿಕ್ಕಿದ ಕೂಡಲೇ ಉದ್ದಕ್ಕೆ ಎಳೆದುಕೊಂಡು ಮುಚ್ಚಿಹೋಗುತ್ತದೆ. ಚೌಕ ಕಣ್ಣು ಎಳೆದರೂ ತೆರೆದೇ ಇರುತ್ತದೆ, ಮರಿ ನುಸುಳಿಕೊಂಡು ಹೋಗುತ್ತದೆ. ಆ ಮರಿಯ ಜೊತೆ ಒಂದಿಷ್ಟು ದುಡ್ಡೂ ಹೋಗುತ್ತದೆ, ಅದು ಸತ್ಯ. ಸಾಲದ ಬೋಟಿನವನಿಗೆ ಆ ಒಂದಿಷ್ಟನ್ನು ಬಿಡುವ ತಾಕತ್ತು ಇರುವುದಿಲ್ಲ. ಅವನು ಚೀಲದೊಳಗೆ ಇನ್ನೊಂದು ಸಣ್ಣ ಕಣ್ಣಿನ ಚೀಲ ಹೊಲಿಸುತ್ತಾನೆ. ಎಲ್‌ಇಡಿ ಬೆಳಕು ಬಿಟ್ಟು ಮೀನು ಸೇರಿಸುವುದನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆದರೂ ರಾತ್ರಿ ಜನರೇಟರ್ ಹೊತ್ತು ಹೋಗುವವರು ಯಾರು ಎಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅವರೆಲ್ಲ ಕೆಟ್ಟವರಲ್ಲ. ಅವರ ಪಾಸ್‌ಬುಕ್ ತೆಗೆದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಹಿಂದಿನದ್ದೆಲ್ಲ ಚೆನ್ನ ಎನ್ನುವವನಲ್ಲ ನಾನು. ಅಜ್ಜಯ್ಯನ ರಂಪಣಿ ಬಲೆಯಲ್ಲೂ ಮರಿ ಬರುತ್ತಿತ್ತು, ಎಂಬತ್ತು ನೂರು ಜನ ಸೇರಿ ಎಳೆದರೂ ಎಷ್ಟೋ ದಿನ ಬರೀ ಬಲೆಯೇ ಬರುತ್ತಿತ್ತು. ಪಾಲಿನ ಜಗಳದಲ್ಲಿ ತಲೆ ಒಡೆದದ್ದೂ ಉಂಟು. ಆದರೆ ಆ ಬಲೆ ಮೀನು ದಡಕ್ಕೆ ಬರುವವರೆಗೆ ಕಾಯಬೇಕಾಗಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದಮೇಲೆ ಕಾಯುವ ಕೆಲಸ ಮುಗಿಯಿತು, ಮೀನು ಇದ್ದಲ್ಲಿಗೇ ಹೋಗಿ ಸುತ್ತುಗಟ್ಟಿದರು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಸೇರಿತು. ಆಗ ಊರಿನ ಎಷ್ಟು ಗಂಡಸರು ಮುಂಬಯಿಯ ಬಸ್ಸು ಹತ್ತಿದರೆಂದು ಅಕ್ಕನನ್ನು ಕೇಳು. ಮಳೆಗಾಲದ ಈ ಎರಡು ತಿಂಗಳ ಮೀನುಗಾರಿಕೆ ನಿಷೇಧವನ್ನು, ಜೂನ್ ಒಂದರಿಂದ ಜುಲೈ ಕೊನೆಯವರೆಗಿನ 61 ದಿನವನ್ನು, ಈಗಿನ ಹುಡುಗರು ಸರಕಾರದ ಕಿರಿಕಿರಿ ಎನ್ನುತ್ತಾರೆ. ನೂಲಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ತೆಂಗಿನಕಾಯಿ ಬಿಟ್ಟ ಮೇಲೆಯೇ ಇಳಿಯುವುದು ನಮ್ಮಲ್ಲೂ ಇಲ್ಲಿಯ ಕೋಳಿಗಳಲ್ಲೂ ಇದ್ದ ಕಟ್ಟುಪಾಡು, ಅದು ಇದಕ್ಕಿಂತ ಉದ್ದದ್ದೇ ಆಗುತ್ತಿತ್ತು ಹೆಚ್ಚಿನ ವರ್ಷ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1995ರಲ್ಲಿ ಹೊಣೆಯರಿತ ಮೀನುಗಾರಿಕೆಗೆ ಒಂದು ನಿಯಮಾವಳಿ ಬರೆಯಿತು. ಮೀನು ಹಿಡಿಯುವ ಹಕ್ಕು ಇದ್ದವನಿಗೆ ಅದನ್ನು ಉಳಿಸುವ ಹೊಣೆಯೂ ಇದೆ ಎಂಬುದು ಅದರ ಸಾರ. ರೋಮ್‌ನಲ್ಲಿ ಕೂತವರು ಕಡಲಿಗೆ ಇಳಿದವರಲ್ಲ, ಆದರೆ ಮಾತು ಸರಿಯಾದದ್ದು.

ಆದ್ದರಿಂದ ಮೂರನೇ ದೋಣಿ. ಒಂಬತ್ತು ಹತ್ತು ಮೀಟರ್ ಫೈಬರ್, ಎತ್ತರದ ಮೂತಿ, ಕೆಳಗೆ ಸ್ವಲ್ಪ ಕೋನದ ತಳ, ಔಟ್‌ಬೋರ್ಡ್ ಇಂಜಿನ್. ಬೆಳಗಿನ ಜಾವ ಹೋಗಿ ಅದೇ ದಿನ ಬರುವುದು. ಕಂತಬಲೆಯ ಗುಣವೆಂದರೆ ಹೆಚ್ಚಾಗಿ ಅದರ ಕಣ್ಣಿಗೆ ತಕ್ಕ ಮೀನೇ ಸಿಕ್ಕಿಕೊಳ್ಳುತ್ತದೆ, ಚಿಕ್ಕದು ದಾಟಿ ಹೋಗುತ್ತದೆ. ಅಂಜಲಿನ ಬಲೆಗೆ ಬಂಗುಡೆ ಮರಿ ಬೀಳುವುದಿಲ್ಲ. ತಂದದ್ದು ತಾಜಾ ಇರುತ್ತದೆ, ದರವೂ ಸಿಗುತ್ತದೆ. ಬಲೆ ಕಡಲಿನಲ್ಲಿ ಕಳೆದುಹೋದರೆ ಮಾತ್ರ ಅದು ಯಾರಿಗೂ ಬೇಡದ ಮೀನನ್ನು ಹಿಡಿಯುತ್ತಲೇ ಇರುತ್ತದೆ, ಹಾಗಾಗಿ ತೇಲುಗುಂಡಿಗೆ ನಿನ್ನ ಗುರುತು ಕಟ್ಟು, ಹರಿದದ್ದನ್ನು ನೀರಿಗೆ ಎಸೆಯಬೇಡ.

ಆ ದೋಣಿಯನ್ನೂ ಕಣ್ಣುಮುಚ್ಚಿ ಕೊಳ್ಳಬೇಡ. ಒಂದು ಸಣ್ಣ ಸುತ್ತಿಗೆ ತೆಗೆದುಕೊಂಡು ಇಡೀ ಮೈಯನ್ನು ಗೇಣುಗೇಣಿಗೆ ತಟ್ಟಿ ನೋಡು. ಗಟ್ಟಿ ಫೈಬರ್ ಟಣ್ ಎನ್ನುತ್ತದೆ. ಪದರಗಳು ಒಳಗೆ ಬಿಟ್ಟಿದ್ದರೆ ಸದ್ದು ಬೊದ್ದಾಗಿ ಬರುತ್ತದೆ. ಇಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ಮಾತ್ರ ಎರಡು ಸಲ ತಟ್ಟು. ಅದರೊಳಗೆ ಹೆಚ್ಚಾಗಿ ಮರ ಇಟ್ಟು ಮೇಲೆ ಫೈಬರ್ ಹೊದಿಸಿರುತ್ತಾರೆ. ಇಂಜಿನ್ನಿನ ಬೋಲ್ಟಿನ ತೂತಿನಿಂದ ನೀರು ಇಳಿದು ಮರ ಕೊಳೆತರೂ ಹೊರಗೆ ಕಾಣುವುದಿಲ್ಲ. ಇಂಜಿನ್ನನ್ನು ಮೇಲೆತ್ತಿ ಹಿಡಿದು ಅಲುಗಾಡಿಸಿದಾಗ ಹಲಗೆ ಬಾಗಿದರೆ ಬಿಟ್ಟುಬಿಡು. ದೋಣಿಗೆ ತಕ್ಕ ಇಂಜಿನ್ ಇರಲಿ, ಗೆಳೆಯನದ್ದು ಇಷ್ಟು ಎಚ್‌ಪಿ ಎಂದು ನಿನ್ನದೂ ಅಷ್ಟೇ ಆಗಬೇಕಾಗಿಲ್ಲ. 10 ಎಚ್‌ಪಿಯ ಒಳಗಿನ ನಾಡದೋಣಿಗೆ ಮಳೆಗಾಲದ ನಿಷೇಧವಿಲ್ಲ ಎಂಬುದು ಗೊತ್ತಿರಲಿ, ಅದರ ಅರ್ಥ ಮಳೆಗಾಲದಲ್ಲಿ ಅಳಿವೆ ದಾಟಲೇಬೇಕು ಎಂದಲ್ಲ.

ಇನ್ನು ಸುರಕ್ಷತೆಯ ಸಾಮಾನು. ಇದರಲ್ಲಿ ಚೌಕಾಸಿ ಮಾಡಿದರೆ ನನಗೆ ಸಿಟ್ಟು ಬರುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟು ಕಾಣೆಯಾದ ಸುವರ್ಣ ತ್ರಿಭುಜ ಬೋಟು ನಿನಗೆ ನೆನಪಿದೆ. ಏಳು ಮಂದಿ. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಮಾಲ್ವಣ್ ಕಡಲಿನ ತಳದಲ್ಲಿ ಅವಶೇಷ ಸಿಗುವವರೆಗೆ ಆ ಮನೆಗಳವರು ಹೇಗಿದ್ದರು ಎಂದು ನಮ್ಮ ಸಮಾಜದಲ್ಲಿ ಗೊತ್ತಿಲ್ಲದವರಿಲ್ಲ. 2017ರ ಓಖಿ ಚಂಡಮಾರುತದಲ್ಲಿ ದೂರ ಹೋಗಿದ್ದ ಎಷ್ಟೋ ಬೋಟುಗಳಿಗೆ ಎಚ್ಚರಿಕೆ ತಲುಪಲೇ ಇಲ್ಲ. ಮೊಬೈಲು ದಡ ಬಿಟ್ಟು ಸ್ವಲ್ಪ ದೂರಕ್ಕೆ ಸತ್ತುಹೋಗುತ್ತದೆ. ವಿಎಚ್‌ಎಫ್ ಸೆಟ್ಟು ಇರಲಿ, 16ನೇ ಚಾನೆಲ್ ಯಾವಾಗಲೂ ತೆರೆದಿರಲಿ. ಇಸ್ರೋದ ತುರ್ತು ಸಂದೇಶದ ಯಂತ್ರ 2024ರಲ್ಲಿ ಹೊಸ ರೂಪದಲ್ಲಿ ಬಂದಿದೆ. ನೀನು ಒತ್ತಿದ್ದು ತಲುಪಿತು ಎಂದು ಆಚೆಯಿಂದ ಉತ್ತರವೂ ಬರುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸು. ಕೋಸ್ಟ್ ಗಾರ್ಡ್‌ನ 1554 ಅಕ್ಕನ ಫೋನಿನಲ್ಲೂ ಇರಲಿ. ಲೈಫ್ ಜಾಕೆಟ್ಟನ್ನು ಮೂವರೂ ಹಾಕಿಕೊಂಡೇ ಅಳಿವೆ ದಾಟಬೇಕು, ತಲೆದಿಂಬಿಗೆ ಬೇರೆ ತೆಗೆದುಕೊಳ್ಳಿ. ಹೊರಡುವಾಗ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎಂದು ದಡದಲ್ಲಿ ಒಬ್ಬರಿಗೆ ಹೇಳಿ ಹೋಗು.

ದುಡ್ಡಿನ ವಿಷಯ. ಪಾಲಿಗೆಂದು ನೀನು ಕೇಳಿದಷ್ಟನ್ನೂ ಕಳಿಸುತ್ತೇನೆ, ಆದರೆ ಅದರಲ್ಲಿ ಅರ್ಧ ಮಾತ್ರ ದೋಣಿಗೆ, ಬಲೆಗೆ, ಸಾಮಾನಿಗೆ. ಉಳಿದರ್ಧವನ್ನು ನಿನ್ನ ಮತ್ತು ಅಕ್ಕನ ಜಂಟಿ ಖಾತೆಯಲ್ಲಿ ಹಾಕಿಡು. ಕೆಂಪು ಎಚ್ಚರಿಕೆ ಬಂದ ವಾರ, ಇಂಜಿನ್ ಕೈಕೊಟ್ಟ ವಾರ, ಮರಿ ಮೀನೇ ಸಿಗುತ್ತಿದೆ ಎಂದು ಬಲೆ ಎತ್ತಿಟ್ಟ ವಾರ, ಅದರಿಂದ ಮನೆ ನಡೆಸು, ನಿನ್ನ ಗೆಳೆಯರ ಮನೆಯನ್ನೂ. ಮೀನು ಚೆನ್ನಾಗಿ ಬಿದ್ದ ತಿಂಗಳು ತಿರುಗಿ ತುಂಬು. ನಿನ್ನ ಗೆಳೆಯರಿಬ್ಬರೂ ಈ ಕರಾರಿಗೆ ಒಪ್ಪಬೇಕು. ಒಪ್ಪದಿದ್ದರೆ ಮೂರನೆಯದೂ ಬೇಡ, ಬೇರೆ ಜೊತೆ ಹುಡುಕು.

ಆಗಸ್ಟ್ ಒಂದಕ್ಕೇ ಇಳಿಯಬೇಕೆಂಬ ಅವಸರ ಬಿಡು. ನೂಲಹುಣ್ಣಿಮೆಯ ಸಮುದ್ರಪೂಜೆಗೆ ನಾನೇ ಬರುತ್ತೇನೆ, ಠಾಣೆಯಿಂದ ಮತ್ಸ್ಯಗಂಧಕ್ಕೆ ಟಿಕೆಟ್ ಆಗಿದೆ. ಅತ್ತೆಯೂ ಬರುತ್ತಾಳೆ, ಕುಂದಾಪುರದಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ, ಅವಳ ಮಂಡಿಗೆ ಇಳಿಯುವುದು ಕಷ್ಟ, ಪ್ಲಾಟ್‌ಫಾರಂ ಒಳಗೇ ಬಂದು ನಿಂತಿರು. ಅಷ್ಟರೊಳಗೆ ಮೂರನೇ ದೋಣಿಯ ಆ ಹಿಂಬದಿ ಹಲಗೆಯ ಒಳಮೈಯ ಫೋಟೋ ಬೆಳಕಿನಲ್ಲಿ ತೆಗೆದು ಕಳಿಸು, ಬೋಲ್ಟಿನ ತೂತುಗಳು ಕಾಣುವ ಹಾಗೆ. ಅಕ್ಕನಿಗೆ ನಮಸ್ಕಾರ ಹೇಳು. ಒಣ ಚಟ್ಲಿ ಇದ್ದರೆ ತೆಗೆದಿಡಲಿ.

ಇತಿ,
ನಿನ್ನ ಮಾವ